ಶನಿವಾರದ ನೋವು: ಕೂರುವ ಮೂಳೆಯ ಬಳಿಯ ಪೆಟ್ಟು, ಒಂದು ಪ್ರಕರಣ

ಗುರುತು ಸಿಗುವ ವಿವರಗಳನ್ನು ಇಲ್ಲಿ ಬದಲಿಸಲಾಗಿದೆ ಅಥವಾ ಬಿಡಲಾಗಿದೆ. ಪ್ರಕರಣದ ವ್ಯಕ್ತಿಯನ್ನು ‘ಮೇಡಂ’ ಎಂದೇ ಕರೆಯೋಣ. ಬ್ಯಾಂಕಿನ ಕೌಂಟರಿನಲ್ಲಿ ಎಲ್ಲರೂ ಅವರನ್ನು ಕರೆಯುವುದೂ ಹಾಗೆಯೇ.

ಹಿನ್ನೆಲೆ

ಮೇಡಂಗೆ 44 ವರ್ಷ. ಮನೆ ಮೈಸೂರಿನಲ್ಲಿ, ಕೆಲಸ ಮಂಡ್ಯದ ಒಂದು ಬ್ಯಾಂಕಿನಲ್ಲಿ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ, ಐದೂವರೆಗೆ ಯೋಗಶಾಲೆ, ಆಮೇಲೆ ತಿಂಡಿ ಡಬ್ಬಿ ಹಿಡಿದು ರೈಲು, ಹತ್ತರಿಂದ ಕೌಂಟರು, ಸಂಜೆ ಮತ್ತೆ ರೈಲು. ಹೋಗಿ ಬರುವುದು ಸುಮಾರು 90 ಕಿ.ಮೀ., ದಿನಕ್ಕೆ ಏಳೆಂಟು ಗಂಟೆ ಕೂತೇ ಕಳೆಯುತ್ತದೆ. ಮುಂದೆ ನಡೆದದ್ದಕ್ಕೂ ಈ ದಿನಚರಿಗೂ ನೇರ ಸಂಬಂಧವಿದೆ.

ಆರು ವರ್ಷದಿಂದ ಅವರದು ಅಷ್ಟಾಂಗ ವಿನ್ಯಾಸ ಪದ್ಧತಿ. ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ಶಾಲೆ ತೆರೆದು ಕಲಿಸಿದ, ಈಗ ಜಗತ್ತೆಲ್ಲ ‘ಮೈಸೂರು ಸ್ಟೈಲ್’ ಎಂದು ಕರೆಯುವ ಕ್ರಮ. ಎಲ್ಲರೂ ಒಂದೇ ಹಾಲ್‌ನಲ್ಲಿ ಇರುತ್ತಾರೆ, ಆದರೆ ಅಭ್ಯಾಸ ಅವರವರ ಉಸಿರಿನ ಲೆಕ್ಕಕ್ಕೆ. ಗುರುಗಳು ನಡುವೆ ಓಡಾಡುತ್ತ ಒಬ್ಬೊಬ್ಬರನ್ನು ಕೈಯಿಂದ ತಿದ್ದುತ್ತಾರೆ. ಒಂದು ಆಸನ ಕೂಡಿಬಂದ ಮೇಲೆ ಮುಂದಿನದು. ಇದರ ಮೊದಲ ಸರಣಿಗೆ ‘ಯೋಗ ಚಿಕಿತ್ಸಾ’ ಎಂದೇ ಹೆಸರು. ಆ ಸರಣಿಯಲ್ಲಿ ಪಾದಾಂಗುಷ್ಠಾಸನ, ಪಾದಹಸ್ತಾಸನ, ಪ್ರಸಾರಿತ ಪಾದೋತ್ತಾನಾಸನದ ನಾಲ್ಕು ರೂಪ, ಪಶ್ಚಿಮೋತ್ತಾನಾಸನ, ಜಾನುಶೀರ್ಷಾಸನದ ಮೂರು ರೂಪ, ಉಪವಿಷ್ಟ ಕೋಣಾಸನ ಎಲ್ಲವೂ ಇವೆ. ಎಣಿಸುತ್ತ ಹೋದರೆ ಮುಂದಕ್ಕೆ ಬಾಗುವ ಆಸನಗಳದ್ದೇ ಸಿಂಹಪಾಲು. ಚಿಕಿತ್ಸೆ ಎಂಬ ಹೆಸರಿದ್ದರೂ ಟೆಂಡನ್‌ಗೆ, ಅಂದರೆ ಸ್ನಾಯುವನ್ನು ಮೂಳೆಗೆ ಅಂಟಿಸುವ ಹುರಿಗೆ, ಹೊರೆ ಹೊರೆಯೇ.

ಮೇಡಂಗೆ ಮೈ ಸಲೀಸಾಗಿ ಬಾಗುತ್ತದೆ. ಕಾಲು ಚಾಚಿ ಕೂತು ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಹಣೆ ಮಂಡಿ ದಾಟಿ ಕೆಳಗೆ ಹೋಗುತ್ತಿತ್ತು. ಇಂಥವರಿಗೆ ಈ ಪೆಟ್ಟು ಆಗುವುದಿಲ್ಲ ಎಂದುಕೊಳ್ಳುವವರೇ ಹೆಚ್ಚು. ನಿಜ ಬೇರೆ. ಸಲೀಸಾಗಿ ಬಾಗುವವರು ಬಾಗುವ ಕೊನೆಯ ತುದಿಯಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆ, ಮತ್ತು ಟೆಂಡನ್ ಹೆಚ್ಚು ಒತ್ತಿಕೊಳ್ಳುವುದು ಅದೇ ತುದಿಯಲ್ಲಿ.

ಪೆಟ್ಟು ಬಿದ್ದದ್ದು

ರಥಸಪ್ತಮಿಯ ದಿನ 108 ಸೂರ್ಯನಮಸ್ಕಾರ ಹಾಕುವ ರೂಢಿ ಮೈಸೂರಿನ ಅನೇಕ ಯೋಗಕೂಟಗಳಲ್ಲಿದೆ. ಮೇಡಂ ದಿನಾ ಹಾಕುತ್ತಿದ್ದದ್ದು ಹತ್ತು ಹನ್ನೆರಡು. ಹಬ್ಬಕ್ಕೆ ಎರಡು ವಾರ ಮೊದಲು 24ಕ್ಕೆ ಏರಿಸಿದರು, ಅಲ್ಲಿಂದ ನೇರ 108ಕ್ಕೆ ಹೋದರು. ಅಂದು ಹಾಕಿದ್ದು ಹನ್ನೆರಡು ಹಂತದ ನಮಸ್ಕಾರ. ಅದರಲ್ಲಿ ಮೂರನೆಯ ಮತ್ತು ಹತ್ತನೆಯ ಹಂತ ಹಸ್ತಪಾದಾಸನ. ಅಂದರೆ ಒಂದು ಬೆಳಿಗ್ಗೆಯಲ್ಲಿ 216 ಸಲ ಸೊಂಟದಿಂದ ಬಾಗಿ ಏಳುವುದು, ಅದರ ಜೊತೆಗೆ 216 ಸಲ ಒಂದು ಕಾಲನ್ನು ಹಿಂದೆ ಚಾಚುವ ಅಶ್ವ ಸಂಚಲನ.

ಮರುದಿನ ಎರಡೂ ತೊಡೆ ಹಿಡಿದುಕೊಂಡಿದ್ದವು. ಅದು ಸಹಜ. ಮೂರನೆಯ ದಿನಕ್ಕೆ ಆ ಬಿಗಿತವೆಲ್ಲ ಇಳಿದು, ಬಲಗಡೆ ಕೂರುವ ಮೂಳೆಯ ಹತ್ತಿರ ಒಂದು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ನೋವು ಉಳಿಯಿತು. ಸ್ನಾಯುವಿನ ನೋವು ಹೀಗೆ ಒಂದೇ ಚುಕ್ಕೆಗೆ ಕುಗ್ಗಿ ನಿಂತರೆ ಅಲ್ಲೇ ಅನುಮಾನ ಬರಬೇಕು. ಬರಲಿಲ್ಲ.

ತೊಡೆಯ ಹಿಂಭಾಗದ ಮೂರು ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಮೇಲೆ ಹೋಗಿ ಅಂಟಿಕೊಳ್ಳುವುದು ಕೂರುವ ಮೂಳೆಗೆ. ಅಂಟು ಕೊಡುವ ಗಟ್ಟಿ ಹುರಿಯೇ ಸ್ನಾಯುರಜ್ಜು, ಅಂದರೆ ಟೆಂಡನ್. ನೆಟ್ಟಗೆ ನಿಂತಾಗ ಅದರ ಮೇಲೆ ಬೀಳುವುದು ಎಳೆತ ಮಾತ್ರ. ಮಂಡಿ ನೇರವಿಟ್ಟು ಸೊಂಟದಿಂದ ಬಾಗಿದಾಗ ಅದೇ ಹುರಿ ಮೂಳೆಯ ಅಂಚಿಗೆ ಒರಗಿ ಒತ್ತಿಕೊಳ್ಳುತ್ತದೆ. ರಾಟೆ ಇಲ್ಲದ ಬಾವಿಯಲ್ಲಿ ನೀರು ಸೇದಿದವರಿಗೆ ಗೊತ್ತು, ಕೊಡದ ಭಾರಕ್ಕೆ ಹಗ್ಗ ನಡುವೆಲ್ಲೂ ಸವೆಯುವುದಿಲ್ಲ, ಕಟ್ಟೆಯ ಕಲ್ಲಿಗೆ ತಾಗುವಲ್ಲಿ ಸವೆಯುತ್ತದೆ. ಗಟ್ಟಿ ಬೆಂಚಿನ ಮೇಲೆ ಕೂತಾಗಲೂ ಅದೇ ಜಾಗ ಕೆಳಗಿನಿಂದ ಒತ್ತಿಕೊಳ್ಳುತ್ತದೆ. ಬಾಗಿದರೂ ನೋವು, ಕೂತರೂ ನೋವು, ಸಮನೆಲದಲ್ಲಿ ಮೆಲ್ಲಗೆ ನಡೆದರೆ ಏನೂ ಇಲ್ಲ ಎಂಬ ವಿಚಿತ್ರ ಜೋಡಣೆ ಹುಟ್ಟುವುದು ಇದರಿಂದ.

ಮೊದಲ ಮೂರು ತಿಂಗಳು, ನಾಲ್ಕು ತಪ್ಪು

ಫೆಬ್ರವರಿಯಲ್ಲಿ ಮೇಡಂ ಮಾಡಿದ್ದು ಎಲ್ಲರೂ ಮಾಡುವುದನ್ನೇ: ಬಿಗಿಯಾಗಿದೆ ಅನ್ನಿಸಿತು, ಇನ್ನಷ್ಟು ಎಳೆದರು. ಸುಪ್ತ ಪಾದಾಂಗುಷ್ಠಾಸನದಲ್ಲಿ ಬೆಲ್ಟ್ ಹಾಕಿ ಕಾಲು ಜಗ್ಗಿದ ಮೇಲೆ ಒಂದು ಗಂಟೆ ಹಾಯೆನಿಸುತ್ತಿತ್ತು. ಈ ಹಾಯೇ ಮೋಸ. ಜಗ್ಗಿದಾಗ ನೋವಿನ ಅರಿವು ಸ್ವಲ್ಪ ಹೊತ್ತು ಮಂಕಾಗುತ್ತದೆ, ಆದರೆ ಟೆಂಡನ್ ಆ ಹೊತ್ತಿಗಾಗಲೇ ಮೂಳೆಗೆ ಮತ್ತೊಂದು ಸುತ್ತು ಒತ್ತಿಕೊಂಡಿರುತ್ತದೆ. ಅದರ ಲೆಕ್ಕ ಬರುವುದು ರಾತ್ರಿ ಅಥವಾ ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಕಾರಣ ಯಾವುದೆಂಬುದು ಮರೆತಿರುತ್ತದೆ.

ಎರಡನೆಯದು ಗುಳಿಗೆ. ತರಗತಿಗೆ ಮುಂಚೆ ಒಂದು ನೋವಿನ ಮಾತ್ರೆ ನುಂಗಿ ಹೋಗುವುದು ಸುಮಾರು ಮೂರು ವಾರ ನಡೆಯಿತು. ಇಡೀ ಪ್ರಕರಣದಲ್ಲಿ ಅತಿ ದುಬಾರಿಯಾದದ್ದು 108 ನಮಸ್ಕಾರವಲ್ಲ, ಈ ಮೂರು ವಾರ. ಅಭ್ಯಾಸದ ಹೊತ್ತಿಗೆ ಸರಿಯಾಗಿ ದೇಹದ ಬಾಯಿ ಮುಚ್ಚಿಸಿ, ಆಮೇಲೆ ಗಮನವಿಟ್ಟು ಅಭ್ಯಾಸ ಮಾಡಿದೆ ಎಂದರೆ ಅದಕ್ಕೆ ಅರ್ಥವಿಲ್ಲ.

ಮೂರನೆಯದು ಉಜ್ಜುವುದು. ಅತ್ತೆಯವರು “ನರ ಹಿಡ್ಕೊಂಡಿರತ್ತೆ ಕಣಮ್ಮ, ಬಿಸಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿಸ್ಕೋ” ಅಂದರು. ತೊಡೆಯ ನಡುಭಾಗಕ್ಕೆ ಎಣ್ಣೆ ತಿಕ್ಕಿದರೆ ಅಡ್ಡಿಯಿಲ್ಲ. ಆದರೆ ತಿಕ್ಕುವವರು ನೋವಿನ ಚುಕ್ಕೆಯ ಮೇಲೇ ಮೊಣಕೈ ಊರಿದರು. ಅದು ಸಾಲದೆಂದು ಮೊಬೈಲಿನಲ್ಲಿ ನೋಡಿದಂತೆ ಟೆನಿಸ್ ಚೆಂಡಿನ ಮೇಲೆ ಕೂರುವುದೂ ಸೇರಿತು. ಒತ್ತಿನಿಂದ ಕೆರಳಿದ ಜಾಗಕ್ಕೆ ಇನ್ನಷ್ಟು ಒತ್ತು.

ನಾಲ್ಕನೆಯದು ಪೂರ್ತಿ ವಿಶ್ರಾಂತಿ. ಮಾರ್ಚ್ ಕೊನೆಯಿಂದ ಮೂರು ವಾರ ಯೋಗಶಾಲೆಯ ಕಡೆ ತಲೆ ಹಾಕಲಿಲ್ಲ. ನೋವು ಅರ್ಧಕ್ಕಿಳಿಯಿತು. ಮತ್ತೆ ಹೋದ ಎರಡನೆಯ ದಿನ, ಪ್ರಸಾರಿತ ಪಾದೋತ್ತಾನಾಸನದಲ್ಲಿ, ಮೊದಲಿನಷ್ಟೇ ಜೋರಾಗಿ ಬಂತು. ಟೆಂಡನ್‌ಗೆ ವಿಶ್ರಾಂತಿ ಕೊಟ್ಟರೆ ಕೆರಳಿದ್ದು ತಣ್ಣಗಾಗುತ್ತದೆ, ಆದರೆ ಹೊರೆ ತಾಳುವ ಶಕ್ತಿ ಬೆಳೆಯುವುದಿಲ್ಲ, ಇದ್ದದ್ದೂ ಕುಂದುತ್ತದೆ. ಹಾಗಾಗಿ ಮರಳಿ ಬಂದ ದಿನ ಹಳೆಯ ಹೊರೆಯೇ ಹೊಸ ಹೊರೆಯಾಗುತ್ತದೆ. ಆ ಮೂರು ವಾರದ ವಿಶ್ರಾಂತಿ ನಿಜಕ್ಕೂ ವಿಶ್ರಾಂತಿಯಾಗಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಬೆನ್ನಿನ ಚಿತ್ರ ದಾರಿ ತಪ್ಪಿಸಿದ್ದು

ಏಪ್ರಿಲ್ ಕೊನೆಯಲ್ಲಿ ಮೂಳೆ ವೈದ್ಯರ ಬಳಿ ಹೋದರು. ಸಯಾಟಿಕಾ, ಅಂದರೆ ಬೆನ್ನಿನಲ್ಲಿ ನರ ಒತ್ತಿಕೊಂಡು ಕಾಲಿಗೆ ಇಳಿಯುವ ನೋವು, ಇರಬಹುದೆಂದು ಸೊಂಟದ ಎಂಆರ್‌ಐ ಆಯಿತು. ನಾಲ್ಕು ಮತ್ತು ಐದನೆಯ ಸೊಂಟದ ಕಶೇರುಗಳ ನಡುವಿನ ಡಿಸ್ಕ್ ತುಸು ಉಬ್ಬಿದೆ ಎಂದು ವರದಿ ಬಂತು. ನಲವತ್ತು ದಾಟಿದವರಲ್ಲಿ ಯಾವ ನೋವೂ ಇಲ್ಲದವರಿಗೂ ಇಂಥ ಉಬ್ಬು ಕಾಣುವುದು ತೀರಾ ಸಾಮಾನ್ಯ. ಆದರೂ ಕೈಯಲ್ಲಿ ಫಿಲ್ಮ್ ಹಿಡಿದ ಮೇಲೆ ಅದೇ ಕಾರಣವಾಗಿಬಿಟ್ಟಿತು. “ಮುಂದಕ್ಕೆ ಬಾಗಬೇಡಿ” ಎಂಬ ಸಲಹೆ ಬಂತು. ಹತ್ತು ದಿನದಲ್ಲಿ ನೋವು ತುಸು ಇಳಿಯಿತು.

ಸಲಹೆ ಸರಿಯಿತ್ತು, ಕಾರಣ ತಪ್ಪಿತ್ತು. ಆಸನಗಳಲ್ಲಿ ಬಾಗುವುದು ನಿಂತಾಗ ಟೆಂಡನ್ ಮೇಲಿನ ಒತ್ತು ಇಳಿದು ನೋವು ಕಡಿಮೆಯಾಯಿತು. ನೋವು ಕಡಿಮೆಯಾದದ್ದೇ ಡಿಸ್ಕಿನ ವಾದಕ್ಕೆ ಸಾಕ್ಷಿ ಎಂದು ಎಲ್ಲರೂ ನಂಬಿದರು. ಫಲ ಸಿಕ್ಕಿತೆಂದು ರೋಗದ ಹೆಸರೂ ಸರಿಯಿರಬೇಕೆಂದೇನಿಲ್ಲ. ಕೂತಾಗಿನ ನೋವು ಮಾತ್ರ ಹಾಗೇ ಇತ್ತು. ಡಿಸ್ಕಿನ ಕಥೆಯಲ್ಲಿ ಈ ಒಂದು ಎಳೆ ಸೇರದೆ ಉಳಿದಿತ್ತು. ಚುಚ್ಚುಮದ್ದಿನ ಮಾತೂ ಬಂತು. ಮೇಡಂ ಅದಕ್ಕೆ ಸ್ವಲ್ಪ ಕಾಯುತ್ತೇನೆ ಅಂದರು.

ಮೇ ನಡುವಿನಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಕೇಳಿದ ಪ್ರಶ್ನೆಯಿಂದ ದಾರಿ ತಿರುಗಿತು. ಫಿಲ್ಮ್ ನೋಡುವುದಕ್ಕೆ ಮೊದಲೇ ಆಕೆ ಕೇಳಿದ್ದು: “ನೋವು ಎಲ್ಲಿ, ಒಂದೇ ಬೆರಳಲ್ಲಿ ತೋರ್ಸಿ ಮೇಡಂ.”

ಮೇಡಂ ತೋರುಬೆರಳನ್ನು ನೇರವಾಗಿ ಬಲ ಕೂರುವ ಮೂಳೆಯ ಮೇಲಿಟ್ಟರು. ಸಯಾಟಿಕಾ ಇರುವವರು ಸಾಮಾನ್ಯವಾಗಿ ಅಂಗೈಯನ್ನೇ ಸೊಂಟದಿಂದ ಮೀನಖಂಡದವರೆಗೆ ಜಾರಿಸಿ ತೋರಿಸುತ್ತಾರೆ. ಜುಮು ಜುಮು, ಮರಗಟ್ಟುವುದು, ಪಾದ ಎತ್ತಲಾಗದಿರುವುದು, ಇವರಿಗೆ ಯಾವುದೂ ಇರಲಿಲ್ಲ. ಕೆಮ್ಮಿದರೆ ಸೀನಿದರೆ ನೋವು ಹೆಚ್ಚುತ್ತಿರಲಿಲ್ಲ. ಅಂಗಾತ ಮಲಗಿಸಿ, ಮಂಡಿಯನ್ನು ಎದೆಯ ಕಡೆಗೆ ಮಡಿಸಿ, ತೊಡೆ ಅಲ್ಲೇ ಇರುವಂತೆ ಮೆಲ್ಲಗೆ ಮಂಡಿ ಬಿಡಿಸಿದಾಗ ಸರಿಯಾಗಿ ಆ ಚುಕ್ಕೆಯಲ್ಲೇ ನೋವು ಎದ್ದಿತು. ಮಂಡಿ ಮಡಿಸಿ ಸೊಂಟ ಎತ್ತಿಸಿದಾಗ ಎರಡು ಕಾಲಲ್ಲಿ ಏನೂ ಇಲ್ಲ, ಬಲಗಾಲು ಒಂದರಲ್ಲೇ ಎತ್ತಿಸಿದಾಗ ನೋವು ಹತ್ತರಲ್ಲಿ ಐದು. ಟೆಂಡನ್ ಎಂಬುದು ಹೆಚ್ಚುಕಡಿಮೆ ಖಚಿತವಾಯಿತು.

ಒಂದು ಎಚ್ಚರಿಕೆ. ಬಾಗುವಾಗ ‘ಟಪ್’ ಎಂದು ಸದ್ದಾಗಿ, ತೊಡೆಯ ಹಿಂದೆ ರಕ್ತ ಹೆಪ್ಪುಗಟ್ಟಿದ ನೀಲಿ ಇಳಿದು, ನಡೆಯಲಾಗದಿದ್ದರೆ ಟೆಂಡನ್ ಕಿತ್ತುಬಂದಿರಬಹುದು. ಅದು ವಾರಗಟ್ಟಲೆ ಕಾಯುವ ವಿಷಯವಲ್ಲ. ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದೆ ಹೋದರೆ, ಮೂತ್ರ ಮಲದ ಹಿಡಿತ ತಪ್ಪಿದರೆ ಅದು ತುರ್ತು ಚಿಕಿತ್ಸೆಯ ಪ್ರಶ್ನೆ. ಈ ಪ್ರಕರಣದಲ್ಲಿ ಇವು ಯಾವುವೂ ಇರಲಿಲ್ಲ.

ಪುಸ್ತಕದ ಮೂರು ಕಾಲಂ

ವ್ಯಾಯಾಮಕ್ಕೆ ಮೊದಲು ಕೊಟ್ಟದ್ದು ಒಂದು ಲೆಕ್ಕದ ಪುಸ್ತಕ. ಬ್ಯಾಂಕಿನವರಿಗೆ ಹೇಳಿಮಾಡಿಸಿದ ಔಷಧ. ಮೂರೇ ಕಾಲಂ.

ಒಂದು, ಬೆಳಗಿನ ಪರೀಕ್ಷೆ. ಹಾಸಿಗೆಯಿಂದ ಎದ್ದು ಐದು ನಿಮಿಷದ ನಂತರ, ಪ್ರತಿದಿನ ಒಂದೇ ರೀತಿ: ಅಂಗಾತ ಮಲಗಿ, ಬಲಗಾಲೊಂದರಲ್ಲೇ ಸೊಂಟ ಎತ್ತಿ ಹತ್ತು ಎಣಿಸುವುದು. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ. ಎರಡು, ರೈಲು. ಕೂತ ಮೇಲೆ ನೋವು ಯಾವ ಸ್ಟೇಷನ್ನಿನಲ್ಲಿ ಶುರುವಾಯಿತು ಎಂದಷ್ಟೇ ಬರೆಯುವುದು. ಮೂರು, ನಿನ್ನೆ ಮೈಗೆ ಕೊಟ್ಟ ಕೆಲಸವೆಲ್ಲ. ಯೋಗವಷ್ಟೇ ಅಲ್ಲ, ಎಲ್ಲ.

ನಿಯಮವೂ ಸರಳ. ಮಾಡುವಾಗ ನೋವು ಮೂರರೊಳಗಿದ್ದು, ಮರುದಿನದ ಬೆಳಗಿನ ಅಂಕ ಏರದಿದ್ದರೆ ಆ ಹೊರೆ ಒಪ್ಪಿತ. ನಾಲ್ಕೈದಾದರೆ ಅದೇ ಹಂತದಲ್ಲಿ ನಿಲ್ಲುವುದು. ಐದು ದಾಟಿದರೆ ಅಥವಾ ಬೆಳಗಿನ ಅಂಕ ಎರಡು ಏರಿದರೆ ಒಂದು ಮೆಟ್ಟಿಲು ಇಳಿಯುವುದು. ನೋವು ಸೊನ್ನೆಯಾಗುವವರೆಗೆ ಕಾಯುವ ಹಾಗಿಲ್ಲ.

ರೈಲಿನ ಕಾಲಂ ಅನಿರೀಕ್ಷಿತವಾಗಿ ಒಳ್ಳೆಯ ಅಳತೆಗೋಲಾಯಿತು. ದಿನಾ ಅದೇ ಬೆಂಚು, ಅದೇ ಹೊತ್ತು, ಅದೇ ಅಲುಗಾಟ. ಮೊದಲ ವಾರ ನಾಗನಹಳ್ಳಿ ದಾಟಿ ಕಾವೇರಿ ಸೇತುವೆಯ ಸದ್ದು ಕೇಳುವಷ್ಟರಲ್ಲಿ ಮೇಡಂ ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದರು. ಪುಸ್ತಕದಲ್ಲಿ ಸಾಲಾಗಿ ‘ಶ್ರೀ.ಪಟ್ಟಣ’, ಅಂದರೆ ಶ್ರೀರಂಗಪಟ್ಟಣ.

ಮೂರನೆಯ ಕಾಲಂ ಗುಟ್ಟು ಬಿಟ್ಟುಕೊಟ್ಟಿತು. ಮೂರು ವಾರದ ಅಂಕ ಒಟ್ಟಿಗೆ ನೋಡಿದಾಗ ವಾರವೆಲ್ಲ ಎರಡು ಮೂರು, ಶನಿವಾರ ಮಾತ್ರ ಐದು. ಶುಕ್ರವಾರ ಬ್ಯಾಂಕಿನಲ್ಲಿ ಕೆಲಸ ಜಾಸ್ತಿ ಇರಬೇಕು ಎಂದುಕೊಂಡರು. ಹಾಗೇನೂ ಇರಲಿಲ್ಲ. ಶುಕ್ರವಾರದ ಸಾಲಿನಲ್ಲಿ ಬೇರೆ ದಿನ ಇಲ್ಲದ್ದು ಒಂದೇ: ‘ದೊಡ್ಡ ರಂಗೋಲಿ, 25 ನಿ.’

ಮಂಡಿ ನೇರ, ಸೊಂಟದಿಂದ ಬಾಗಿದ ಬೆನ್ನು, ಎಡಗೈ ತೊಡೆಯ ಮೇಲೆ, ಬಲಗೈಯಲ್ಲಿ ಪುಡಿ. ಇದು ಹೆಸರಿಲ್ಲದ ಉತ್ತಾನಾಸನ. ಇಪ್ಪತ್ತೈದು ನಿಮಿಷ, ಅದೂ ಬೆಳಗಿನ ಜಾವ ಮೈ ಬಿಸಿಯಾಗುವ ಮೊದಲು. ಅದಕ್ಕೂ ಮುಂಚೆ ಕಡ್ಡಿ ಪೊರಕೆಯಲ್ಲಿ ಅಂಗಳ ಗುಡಿಸುವುದು, ಅದೂ ಅದೇ ಭಂಗಿ. ಏಪ್ರಿಲ್‌ನ ಮೂರು ವಾರದ ‘ವಿಶ್ರಾಂತಿ’ಯಲ್ಲಿ ಆಸನ ನಿಂತಿತ್ತು, ಬಾಗುವುದು ನಿಂತಿರಲಿಲ್ಲ. ಚಾಪೆಯ ಮೇಲೆ ಉಸಿರು ಉಸಿರಿಗೂ ಗಮನವಿಡುವವರು ಹೊಸ್ತಿಲಾಚೆಯ ಅದೇ ಭಂಗಿಯನ್ನು ಆರು ವರ್ಷ ಗಮನಿಸಿರಲಿಲ್ಲ.

ರಂಗೋಲಿ ಬಿಡಬೇಕಾಗಿ ಬರಲಿಲ್ಲ. ಒಂದು ಮಂಡಿ ನೆಲಕ್ಕೂರಿ, ಇನ್ನೊಂದು ಪಾದ ಮುಂದಿಟ್ಟು, ಐದು ನಿಮಿಷಕ್ಕೊಮ್ಮೆ ಕಾಲು ಬದಲಿಸಿ ಹಾಕುವುದು ರೂಢಿಯಾಯಿತು. ಗುಡಿಸಲು ಉದ್ದ ಹಿಡಿಯ ಪೊರಕೆ ಬಂತು. ಎರಡೇ ವಾರದಲ್ಲಿ ಶನಿವಾರದ ಅಂಕ ಉಳಿದ ದಿನಗಳ ಸಾಲಿಗೆ ಸೇರಿತು.

ಕೂರುವುದನ್ನೂ ತಿದ್ದಬೇಕಾಯಿತು. ಕೌಂಟರಿನ ಕುರ್ಚಿಯನ್ನು ಮಂಡಿ ಸೊಂಟಕ್ಕಿಂತ ಸ್ವಲ್ಪ ಕೆಳಗಿರುವಷ್ಟು ಎತ್ತರಿಸಿದರು. ಸ್ನಾನದ ಟವೆಲ್ಲನ್ನು ನಾಲ್ಕು ಮಡಿಕೆ ಮಡಿಸಿ ತೊಡೆಯ ಕೆಳಗೆ, ಮಂಡಿಯ ಕಡೆಗೆ ಸರಿಸಿ ಇಟ್ಟರು, ಕೂರುವ ಮೂಳೆ ಟವೆಲ್ಲಿನ ಹಿಂದೆ ಹಗುರಾಗಿ ನಿಲ್ಲುವಂತೆ. ಟವೆಲ್ ನೇರ ಮೂಳೆಯ ಕೆಳಗೇ ಹೋದರೆ ಉಪಯೋಗವಿಲ್ಲ, ಮೊದಲ ಎರಡು ದಿನ ಹಾಗೇ ಆಗಿತ್ತು. ಜೊತೆಗೆ 25 ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಎದ್ದು ನಿಲ್ಲುವುದು.

ಹೊರೆ ಏರಿಸಿದ ಕ್ರಮ

ಮೊದಲ ಮೂರು ವಾರ ಅಲುಗಾಡದ ಹಿಡಿತ ಮಾತ್ರ. ಸೇತುಬಂಧಾಸನವನ್ನೇ ತಿದ್ದಿ ಬಳಸಿದರು. ಹಿಮ್ಮಡಿಗಳನ್ನು ಮಾಮೂಲಿಗಿಂತ ಒಂದು ಗೇಣು ದೂರ ಇಟ್ಟು, ಸೊಂಟವನ್ನು ಅರ್ಧ ಎತ್ತರಕ್ಕಷ್ಟೇ ಎತ್ತಿ, ಹಿಮ್ಮಡಿಯಿಂದ ಚಾಪೆಯನ್ನು ತನ್ನ ಕಡೆಗೆ ಎಳೆಯುವಂತೆ ಬಿಗಿ ಹಿಡಿಯುವುದು. 45 ಸೆಕೆಂಡು, ಒಂದು ನಿಮಿಷ ಬಿಡುವು, ಹೀಗೆ ಐದು ಸಲ, ದಿನಕ್ಕೆರಡು ಬಾರಿ. ಹಿಮ್ಮಡಿ ಹತ್ತಿರವಿದ್ದರೆ ಕೆಲಸವೆಲ್ಲ ಪೃಷ್ಠದ ಸ್ನಾಯುವಿಗೆ ಹೋಗಿ ಹ್ಯಾಮ್‌ಸ್ಟ್ರಿಂಗ್ ಆರಾಮಾಗಿ ಕೂರುತ್ತದೆ. ಸೊಂಟ ತೀರಾ ಮೇಲೆತ್ತಿದರೆ ಕೆಳಬೆನ್ನು ಕಮಾನಾಗಿ ಅಲ್ಲಿ ನೋವು ಬರುತ್ತದೆ. ಆರು ವರ್ಷ ಅಭ್ಯಾಸವಿದ್ದ ಮೇಡಂಗೆ ಮೊದಲ ದಿನ 25 ಸೆಕೆಂಡಿಗೇ ಕಾಲು ನಡುಗಿತು. ಬಾಗುವ ಶಕ್ತಿಗೂ ತಾಳುವ ಶಕ್ತಿಗೂ ಎಷ್ಟು ಅಂತರವಿತ್ತೆಂಬುದು ಅಂದು ಕಣ್ಣಿಗೆ ಕಂಡಿತು.

ನಾಲ್ಕನೆಯ ವಾರದಿಂದ ದಿನ ಬಿಟ್ಟು ದಿನ ನಿಧಾನದ ಚಲನೆ. ಬಲಗಾಲೊಂದರಲ್ಲಿ ಸೊಂಟ ಎತ್ತುವುದಕ್ಕೆ ಮೂರು ಸೆಕೆಂಡು, ಇಳಿಸುವುದಕ್ಕೆ ಮೂರು, ಎಂಟು ಸಲ, ಮೂರು ಸುತ್ತು. ಆಮೇಲೆ ಎಡಗಾಲಿಗೂ ಅಷ್ಟೇ. ಹಳೆಯ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲ ಇಲ್ಲಿ ಉಪಕಾರಕ್ಕೆ ಬಂತು: ಹಿಮ್ಮಡಿಗಳ ಕೆಳಗೆ ಹಳೆ ಕಾಟನ್ ಸೀರೆಯ ತುಂಡು ಹಾಕಿ, ಸೊಂಟ ಎತ್ತಿದಂತೆಯೇ ಪಾದಗಳನ್ನು ನಾಲ್ಕು ಸೆಕೆಂಡಿನಲ್ಲಿ ದೂರ ಜಾರಿಸುವುದು, ಸೊಂಟ ಇಳಿಸಿ, ಕಾಲು ಮಡಿಸಿಕೊಂಡು ಮತ್ತೆ ಎತ್ತುವುದು. ಐದೈದರಂತೆ ಮೂರು ಸುತ್ತು. ಸರ್ರೆಂದು ಜಾರಲು ಬಿಟ್ಟರೆ ಲಾಭವೆಲ್ಲ ಹೋಯಿತು, ನಿಧಾನವೇ ಇಲ್ಲಿ ಔಷಧ. ಶಲಭಾಸನ, ಅಂದರೆ ಬೋರಲು ಮಲಗಿ ಕಾಲು ಎತ್ತಿ ಹಿಡಿಯುವುದು, 20 ಸೆಕೆಂಡಿನಂತೆ ನಾಲ್ಕು ಸಲ. ಟೆಂಡನ್ ಮೂಳೆಗೆ ಒರಗದೆ ಕೆಲಸ ಮಾಡುವ ಆಸನಗಳಲ್ಲಿ ಇದು ಮೇಲು, ಆದರೆ ನಮ್ಮ ಅಭ್ಯಾಸಗಳಲ್ಲಿ ಕಾಟಾಚಾರಕ್ಕೆ ಮುಗಿಸಿಬಿಡುವುದೂ ಇದನ್ನೇ.

ಈ ಹೊತ್ತಿನಲ್ಲಿ ಯೋಗಶಾಲೆಗೆ ಹೋಗುವುದು ನಿಲ್ಲಲಿಲ್ಲ. ನಿಂತದ್ದು ಮಂಡಿ ನೇರವಿಟ್ಟು ಬಾಗುವುದು. ಅದಕ್ಕಿಂತ ಕಷ್ಟದ ನಿರ್ಧಾರ ಇನ್ನೊಂದಿತ್ತು. ಪಶ್ಚಿಮೋತ್ತಾನಾಸನದಲ್ಲಿ ಗುರುಗಳು ಬೆನ್ನ ಮೇಲೆ ಕೈಯಿಟ್ಟು ಒತ್ತುವುದು ವರ್ಷಗಳ ವಾಡಿಕೆ. ಬೇಡವೆನ್ನುವುದು ಅಹಂಕಾರವಾದೀತೆಂದು ಮೇಡಂ ಅಷ್ಟು ದಿನ ಸುಮ್ಮನಿದ್ದರು. ಒಂದು ದಿನ ತರಗತಿಗೆ ಮುಂಚೆ ಹೋಗಿ ಹೇಳಿದರು: “ಸಾರ್, ಇನ್ನು ಮೂರು ನಾಲ್ಕು ತಿಂಗಳು ನನ್ನ ಬೆನ್ನು ಒತ್ತಬೇಡಿ. ಇಲ್ಲಿ ಪೆಟ್ಟಾಗಿದೆ.”

“ಆಯ್ತಮ್ಮ. ಮೊದಲೇ ಹೇಳೋದಲ್ವಾ?” ಅಂದರು ಗುರುಗಳು. ಅಷ್ಟೇ. ಫೆಬ್ರವರಿಯಲ್ಲೇ ಮುಗಿಯಬಹುದಾಗಿದ್ದ ಮಾತು ಜೂನ್‌ವರೆಗೆ ಉಳಿದಿತ್ತು. ಕೈಯಿಡುವವರಿಗೆ ಮೇಲಿನಿಂದ ಕಾಣುವುದು ಬೆನ್ನಿನ ಬಾಗು ಮಾತ್ರ, ಒಳಗೆ ಎಲ್ಲಿ ಚುಚ್ಚುತ್ತಿದೆ ಎಂಬುದು ಯಾವ ಗುರುವಿನ ಕೈಗೂ ತಿಳಿಯದು.

ಆಷಾಢದ ಹಿನ್ನಡೆ

ಎಂಟನೆಯ ವಾರ, ಪುಸ್ತಕದಲ್ಲಿ ಬೆಳಗಿನ ಅಂಕ ಒಂದು ಎರಡು. ರೈಲಿನ ಕಾಲಂನಲ್ಲಿ ಶ್ರೀರಂಗಪಟ್ಟಣ ದಾಟಿ ‘ಪಾಂಡವಪುರ’. ಆಷಾಢ ಶುಕ್ರವಾರ ಬಂತು. ಮನೆಯವರೆಲ್ಲ ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿ ಹೋದರು, ಮೇಡಂ ಕೂಡ. ಸಾವಿರ ಮೆಟ್ಟಿಲು. ಏಳುನೂರರ ಆಸುಪಾಸಿನಲ್ಲಿರುವ ದೊಡ್ಡ ನಂದಿಯವರೆಗೆ ಏನೂ ಅನ್ನಿಸಲಿಲ್ಲ. ಮೇಲೆ ಸರತಿಯಲ್ಲಿ ಗಂಟೆಗಟ್ಟಲೆ ನಿಂತಾಗಲೂ ನೋವಿಲ್ಲ. ಶನಿವಾರ ಬೆಳಿಗ್ಗೆ ಅಂಕ ಆರು.

ನಡೆದದ್ದೇನೆಂದರೆ, ಮೆಟ್ಟಿಲು ಹತ್ತುವಾಗ ಪ್ರತಿ ಹೆಜ್ಜೆಗೂ ಸೊಂಟ ಮಡಿಚಿ, ಮೈ ಮುಂದಕ್ಕೆ ವಾಲಿ, ಆ ಮಡಿಕೆಯಿಂದಲೇ ಇಡೀ ಭಾರ ಎತ್ತಬೇಕು. ಅಷ್ಟು ದಿನ ಕೊಟ್ಟ ವ್ಯಾಯಾಮವೆಲ್ಲ ಸೊಂಟ ನೇರವಿರುವ ಭಂಗಿಯದು. ಮಡಿಚಿದ ಸೊಂಟದಲ್ಲಿ ಹೊರೆ ತಾಳುವುದನ್ನು ಟೆಂಡನ್ ಇನ್ನೂ ಕಲಿತಿರಲಿಲ್ಲ. ಅಂದರೆ ಬೆಟ್ಟ ತಪ್ಪಲ್ಲ, ಒಂದೂವರೆ ತಿಂಗಳು ಬೇಗವಾಯಿತು.

ಪ್ರಕರಣ ಮತ್ತೆ ಏಪ್ರಿಲ್‌ಗೆ ಮರಳಬಹುದಾಗಿದ್ದ ಜಾಗ ಇದು. ಮೇಡಂ ಅಂದು ರಾತ್ರಿ ಎಲ್ಲ ಬಿಟ್ಟುಬಿಡುವ ಮಾತಾಡಿದ್ದರು. ಆದರೆ ಕೈಯಲ್ಲಿ ಪುಸ್ತಕವಿತ್ತು, ಪುಸ್ತಕದಲ್ಲಿ ನಿಯಮವಿತ್ತು: ಒಂದು ಮೆಟ್ಟಿಲು ಇಳಿ, ನೆಲಕ್ಕೆ ಬೀಳಬೇಡ. ಐದು ದಿನ ಮೊದಲ ಹಂತದ ಅಲುಗಾಡದ ಹಿಡಿತ ಮಾತ್ರ ಮಾಡಿದರು. ಆರು, ಐದು, ನಾಲ್ಕು, ಮೂರು, ಎರಡು. ಗುರುವಾರಕ್ಕೆ ಮತ್ತೆ ಎರಡನೆಯ ಹಂತ. ಫೆಬ್ರವರಿಯ ನೋವಿನಲ್ಲಿ ಮೂರು ತಿಂಗಳು ಹೋಗಿತ್ತು, ಜುಲೈಯ ನೋವಿನಲ್ಲಿ ಹೋದದ್ದು ಆರು ದಿನ. ಪೆಟ್ಟಿನ ಗಾತ್ರ ಒಂದೇ ಎಂದೇನೂ ಅಲ್ಲ, ಆದರೆ ಎರಡನೆಯ ಸಲ ಯಾರೂ ಅದನ್ನು ಎಳೆಯಲಿಲ್ಲ, ಉಜ್ಜಲಿಲ್ಲ, ಗುಳಿಗೆಯಲ್ಲಿ ಮುಚ್ಚಲಿಲ್ಲ.

ಅಕ್ಕಿ ಚೀಲ, ಆಮೇಲೆ ಆಸನ

ಒಂಬತ್ತರಿಂದ ಹದಿನಾಲ್ಕನೆಯ ವಾರದವರೆಗೆ ಬೆಟ್ಟ ತೋರಿಸಿಕೊಟ್ಟ ಕೊರತೆಯ ಕೆಲಸ. ಬಟ್ಟೆ ಚೀಲದಲ್ಲಿ 5 ಕೆ.ಜಿ. ಅಕ್ಕಿ ಹಿಡಿದು, ಮಂಡಿ ತುಸು ಸಡಿಲಬಿಟ್ಟು, ಎರಡೂ ಕೈಯಲ್ಲಿ ಪಾತ್ರೆಯಿದ್ದಾಗ ಹಿಂದಿನಿಂದ ಬಾಗಿಲು ತಳ್ಳುವ ಹಾಗೆ ಸೊಂಟವನ್ನು ಹಿಂದಕ್ಕೆ ಕಳಿಸುವುದು. ಬೆನ್ನು ನೇರ, ಚೀಲ ತೊಡೆಗೆ ತಾಗಿಕೊಂಡೇ ಇಳಿಯಬೇಕು. ಇಳಿಯಲು ಮೂರು ಸೆಕೆಂಡು, ಏಳಲು ಮೂರು, ಎಂಟು ಸಲ, ನಾಲ್ಕು ಸುತ್ತು, ದಿನ ಬಿಟ್ಟು ದಿನ. ಮೊದಲ ಎರಡು ವಾರ ಚೀಲ ಮಂಡಿಯವರೆಗೆ ಮಾತ್ರ, ಆಮೇಲೆ ಮಂಡಿಗೂ ಪಾದಕ್ಕೂ ನಡುವಿನವರೆಗೆ. ವಾರಕ್ಕೆ ಎರಡು ಕೆ.ಜಿ.ಯಂತೆ ಸುರಿಯುತ್ತ ಕೊನೆಯ ವಾರ 15 ಕೆ.ಜಿ. ತೂಕ ಮತ್ತು ಆಳ ಎರಡನ್ನೂ ಒಂದೇ ವಾರ ಏರಿಸಿದರೆ, ನೋವು ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಮೇಡಂ ಒಮ್ಮೆ ಹಾಗೆ ಮಾಡಿ ಒಂದು ವಾರ ಗೊಂದಲಪಟ್ಟರು.

ಮುಂದಕ್ಕೆ ಬಾಗುವ ಆಸನಗಳು ಮರಳಿದ್ದು ಹದಿನೈದನೆಯ ವಾರದಿಂದ. ಮೊದಲು ಕುರ್ಚಿಯ ಮೇಲೆ ಕೈಯಿಟ್ಟು ಉತ್ತಾನಾಸನ, ಮಂಡಿ ಧಾರಾಳವಾಗಿ ಮಡಿಸಿ. ಆಮೇಲೆ ಎರಡು ಇಟ್ಟಿಗೆ, ಆಮೇಲೆ ಒಂದು. ಸೂರ್ಯನಮಸ್ಕಾರ ಮೂರರಿಂದ ಶುರುವಾಗಿ ವಾರಕ್ಕೊಂದೊಂದು ಏರಿತು. ಪಶ್ಚಿಮೋತ್ತಾನಾಸನ ಕಟ್ಟಕಡೆಗೆ, ಎರಡು ಕಂಬಳಿ ಮಡಿಸಿ ಅದರ ಮೇಲೆ ಕೂತು, ಕೈಯಿಂದ ಪಾದ ಹಿಡಿದು ಎಳೆಯದೆ. ಎಳೆಯುವ ಕೈ ಇಲ್ಲದಿದ್ದರೆ ಎಲ್ಲಿಯವರೆಗೆ ಬಾಗುತ್ತದೋ ಅದೇ ಆ ದಿನದ ಅಳತೆ. ಮೇಡಂ ಹೇಳುವಂತೆ ಹಣೆ ಮಂಡಿಗೆ ಒಂದು ಗೇಣು ದೂರ ನಿಂತಾಗ ಮೊದಮೊದಲು ನಾಚಿಕೆಯಾಗುತ್ತಿತ್ತು, ಪಕ್ಕದ ಚಾಪೆಯವರು ನೋಡುತ್ತಾರೆಂದು. ಪಕ್ಕದ ಚಾಪೆಯವರು ತಮ್ಮ ಉಸಿರು ಎಣಿಸುತ್ತಿದ್ದರು.

ನವೆಂಬರ್ ಹೊತ್ತಿಗೆ ಬೆಳಗಿನ ಅಂಕ ಸೊನ್ನೆ ಅಥವಾ ಒಂದು. ರೈಲಿನ ಕಾಲಂ ಖಾಲಿ ಬೀಳತೊಡಗಿತು.

ಈಗ

ಪೂರ್ತಿ ಗುಣವೆಂದು ಬರೆಯುವಂತಿಲ್ಲ. ಒಂದೂವರೆ ಗಂಟೆ ಎಡೆಬಿಡದೆ ಕೂತರೆ ಬಲಗಡೆ ತುಸು ತಿಳಿಯುತ್ತದೆ. ವಾರಕ್ಕೆರಡು ದಿನ ಅಕ್ಕಿ ಚೀಲ ಈಗಲೂ ಇದೆ. ಅದನ್ನು ಬಿಟ್ಟ ಒಂದು ತಿಂಗಳಲ್ಲಿ, ಡಿಸೆಂಬರಿನಲ್ಲಿ, ಅಂಕ ಎರಡಕ್ಕೆ ಏರಿ ಮತ್ತೆ ಚೀಲ ಕೈಗೆ ಬಂತು. ಬಾಗುವಾಗ ಮೊದಲಿನಷ್ಟು ಆಳಕ್ಕೆ ಅವರು ಹೋಗುವುದಿಲ್ಲ. ಆಗುವುದಿಲ್ಲವೆಂದಲ್ಲ, ಮರುದಿನದ ಅಂಕ ನೋಡದೆ ಹೋಗುವುದಿಲ್ಲ.

ಮರುವರ್ಷದ ರಥಸಪ್ತಮಿಗೆ ಯೋಗಕೂಟದವರು ಕರೆದರು. ಎಂಟು ವಾರ ಮೊದಲೇ 12ರಿಂದ ಶುರುಮಾಡಿ, ವಾರಕ್ಕೆ ಮೂರು ನಾಲ್ಕರಂತೆ ಏರಿಸಿ 36ಕ್ಕೆ ತಂದುಕೊಂಡಿದ್ದರು. ಹಬ್ಬದ ಬೆಳಿಗ್ಗೆ 36 ಮುಗಿಸಿ ಚಾಪೆ ಸುತ್ತಿ, ಉಳಿದವರಿಗೆ ಎಣಿಕೆ ಹಿಡಿಯಲು ನಿಂತರು. ಮರುದಿನದ ಅಂಕ ಒಂದು.

ಆ ಪುಟದ ಅಂಚಿನಲ್ಲಿ ಮೇಡಂ ಬರೆದುಕೊಂಡದ್ದು: ‘ರಂಗೋಲಿ 10 ನಿ., ಮಂಡಿ ಊರಿ. ರೈಲು: ಮಂಡ್ಯ, ಇಲ್ಲ.’